ಏಳು ಘನಮೀಟರು ಸಾಗವಾನಿ

ಹೋದ ತಿಂಗಳು ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗಿ ಒಂದೇ ಸಾಲು ಟೈಪು ಮಾಡಿ, ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ನಂಪೈ ಇಳಿಸಿಕೊಂಡು, "ಆಯ್ತು ಮೇಡಂ" ಎಂದಳು. ನನಗೆ ಮೈ ಉರಿದುಹೋಯಿತು. ಪಾಪ, ಅವಳದೇನು ತಪ್ಪು? ಆದರೂ ಉರಿಯಿತು. ನಂಪೈ ಎಂದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಜೋಡಿಸಿಕೊಳ್ಳುವ ಲೆಕ್ಕದ ಲೈಬ್ರರಿ. ಸಾವಿರ ಸಂಖ್ಯೆಗಳ ಪಟ್ಟಿ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಭಾಗಿಸಿ, ಗುಣಿಸಿ, ಕೂಡಿಸಿ ಮುಂದಿಡುತ್ತದೆ. ಅದನ್ನು ಯಲ್ಲಾಪುರದಲ್ಲಿ ಒಂದು ಕಂಪ್ಯೂಟರಿಗೆ ಹಾಕಲು ನನಗೆ ಇಡೀ ಒಂದು ಚಳಿಗಾಲ ಹಿಡಿದಿತ್ತು. ಹಾಕಿದ ಮೇಲೆ ಅದರಿಂದ ನಾನು ಮಾಡಿದ ಮೊದಲ ಕೆಲಸವೆಂದರೆ ಒಬ್ಬ ಮನುಷ್ಯನ ಮಾನ ತೆಗೆದದ್ದು.

ಎರಡು ಸಾವಿರದ ಏಳನೆಯ ಇಸವಿ. ನಾನು ಯಲ್ಲಾಪುರದಲ್ಲಿ ಗಣಿತದ ತಾತ್ಕಾಲಿಕ ಉಪನ್ಯಾಸಕಿ. ತಾತ್ಕಾಲಿಕ ಎಂದರೆ ಯಾವ ಸೋಮವಾರ ಬೇಕಾದರೂ ನಾಳೆಯಿಂದ ಬರಬೇಡಿ ಎನ್ನಿಸಿಕೊಳ್ಳಬಹುದು ಎಂದರ್ಥ. ಎಂ.ಫಿಲ್. ಮುಗಿಸಿದರೆ ಖಾಯಂ ಆಗುವ ಆಸೆ ಇತ್ತು. ನನ್ನ ವಿಷಯಕ್ಕೆ ದೊಡ್ಡ ದೊಡ್ಡ ಮಾತೃಕೆಗಳ, ಅಂದರೆ ಮ್ಯಾಟ್ರಿಕ್ಸುಗಳ ಲೆಕ್ಕ ಬೇಕಿತ್ತು. ಅದನ್ನು ಮಾಡುವ ದುಬಾರಿ ಸಾಫ್ಟ್‌ವೇರು ವಿಶ್ವವಿದ್ಯಾಲಯದ ಒಂದೇ ಒಂದು ಕಂಪ್ಯೂಟರಿನಲ್ಲಿತ್ತು. ಅದರ ಮುಂದೆ ಕೂರುವ ಭಾಗ್ಯ ಹೊರಗಿನವರಿಗೆ ಇರಲಿಲ್ಲ. ನನ್ನ ಮಾರ್ಗದರ್ಶಕರು ಪೈಥಾನು, ನಂಪೈ ಎಲ್ಲ ಉಚಿತ, ಅದರಲ್ಲೇ ಮಾಡು, ಶಿವರಾತ್ರಿಯೊಳಗೆ ಫಲಿತಾಂಶ ತಾ ಎಂದು ಹೇಳಿ ಕೈತೊಳೆದುಕೊಂಡರು. ಉಚಿತ ಎಂಬ ಶಬ್ದವನ್ನು ಕಂಡರೆ ನನಗೆ ಆಗಿನಿಂದಲೂ ಆಗುವುದಿಲ್ಲ.

ಸಿದ್ದಾಪುರದಲ್ಲಿ ಅಂಗಡಿ ಮುಚ್ಚಿದ ಒಬ್ಬರಿಂದ ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದೆ. ನಾನಿದ್ದ ಬಾಡಿಗೆ ಕೋಣೆಯಲ್ಲಿ ಕರೆಂಟು ಬಂದು ಹೋಗುವುದಕ್ಕೆ ಹೊತ್ತು ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಗಣಪತಿ ಮಾವನ ನಾಟಾ ಡಿಪೋದ ಆಫೀಸಿನಲ್ಲಿಟ್ಟೆ. ಗಣಪತಿ ಮಾವ ಎಂದರೆ ನನ್ನ ಅಮ್ಮನ ಅಣ್ಣ. ಹೆದ್ದಾರಿಯ ಪಕ್ಕದಲ್ಲಿ ಅವನ ಡಿಪೋ; ಹರಾಜಿನಲ್ಲಿ ಕೊಂಡ ಸಾಗವಾನಿ ದಿಮ್ಮಿಗಳನ್ನು ತಂದು ಅಂಗಳದಲ್ಲಿ ಒಟ್ಟಿ, ಹಿಂದಿನ ಗರಗಸದ ಮಿಲ್ಲಿನಲ್ಲಿ ಸೀಳಿ ಮಾರುತ್ತಿದ್ದ. ಗರಗಸಕ್ಕೆಂದು ಜನರೇಟರಿತ್ತು. ಅದರ ಕೊನೆಯ ವೈರಿನ ತುದಿಗೆ ನನ್ನ ಎಂ.ಫಿಲ್. ನೇತಾಡಿಕೊಂಡಿತ್ತು.

ಮಳೆ ಬಿಟ್ಟು, ಬೆಳಿಗ್ಗೆ ಮಂಜು ಬೀಳಲು ಶುರುವಾದಾಗ ಕೆಲಸ ಹಚ್ಚಿಕೊಂಡೆ. ಪೈಥಾನು ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಸಿಕ್ಕಿತು. ನಂಪೈ ಸಿಗಬೇಕಾದದ್ದು ಪೇಟೆಯ ಸೈಬರ್ ಕೆಫೆಯಲ್ಲಿ. ಅಲ್ಲಿ ಇಂಟರ್ನೆಟ್ಟು ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ. ಮುಕ್ಕಾಲು ಪಾಲು ಫೈಲು ಇಳಿದಿರುತ್ತದೆ, ಕೆಫೆಯವನ ಹೆಂಡತಿ ತವರಿಗೆ ಫೋನು ಮಾಡಲು ರಿಸೀವರ್ ಎತ್ತುತ್ತಾಳೆ, ಲೈನು ಕಡಿಯುತ್ತದೆ, ಮತ್ತೆ ಮೊದಲಿನಿಂದ. ಎಂಟು ದಿನ ಹೀಗೆ ಕಳೆದು ಒಂದು ಫೈಲು ತಂದೆ. ಹಾಕಲು ಹೋದರೆ, ಇದಕ್ಕೆ ಪೈಥಾನ್ ಎರಡು ಬಿಂದು ನಾಲ್ಕು ಬೇಕು, ನಿಮ್ಮಲ್ಲಿ ಅದು ಕಾಣುವುದಿಲ್ಲ ಎಂದಿತು. ನನ್ನಲ್ಲಿದ್ದದ್ದು ಎರಡು ಬಿಂದು ಐದು. ಹೊಸದಿದೆಯಲ್ಲ ಮಾರಾಯ, ಇನ್ನೂ ಒಳ್ಳೆಯದಲ್ಲವೇ ಎಂದು ಪರದೆಯ ಜೊತೆ ಬಾಯಿಬಿಟ್ಟು ಜಗಳವಾಡಿದೆ. ಮತ್ತೆ ಆರು ದಿನ ಹೋಗಿ ಇನ್ನೊಂದು ಫೈಲು ತಂದೆ. ಅದು ಕಚ್ಚಾ ಸಾಮಾನು. ಅದನ್ನು ಅಟ್ಟು ಉಣ್ಣಲು ಬೇರೆಯೇ ಒಂದು ಸಾಫ್ಟ್‌ವೇರು ಬೇಕಂತೆ. ನನಗೆ ಅತ್ತುಬಿಡುವಷ್ಟು ಸಿಟ್ಟು ಬಂತು. ಬರೆದಿಟ್ಟವರು ಯಾರೋ, ಎಲ್ಲಿಯೋ. ತಮ್ಮಂತೆಯೇ ಎಲ್ಲರ ಮನೆಯಲ್ಲೂ ಎಲ್ಲ ಇರುತ್ತದೆ ಎಂದು ನಂಬಿಕೊಂಡವರು.

ಈ ಜಗಳಗಳಿಗೆಲ್ಲ ಒಬ್ಬರು ಸಾಕ್ಷಿ ಇದ್ದರು. ಅವರು ಬಸವಣ್ಣೆಪ್ಪ, ಡಿಪೋದ ಅಳತೆಯವರು. ಗುಡ್ನಾಪುರದ ಕಡೆಯವರು, ಅರವತ್ತು ಹತ್ತಿರ ಬಂದಿತ್ತು. ಮಾವನ ಅಪ್ಪನ ಕಾಲದಿಂದ ಅಲ್ಲೇ ಇದ್ದರು. ಬಂದ ದಿಮ್ಮಿಯ ಸುತ್ತಳತೆಯನ್ನೂ ಉದ್ದವನ್ನೂ ಟೇಪಿನಲ್ಲಿ ಅಳೆದು ಪುಸ್ತಕಕ್ಕೆ ಬರೆದು, ದಿಮ್ಮಿಯ ತುದಿಗೆ ಡಿಪೋದ ಮುದ್ರೆಯ ಸುತ್ತಿಗೆ ಹೊಡೆಯುವುದು ಅವರ ಕೆಲಸ. ಆ ಸುತ್ತಿಗೆ ಅವರ ಕೈ ಬಿಟ್ಟು ಬೇರೆಯವರ ಕೈಗೆ ಹೋಗುತ್ತಿರಲಿಲ್ಲ. ಸುತ್ತಳತೆ ತೊಂಬತ್ತಮೂರೂವರೆ ಬಂದರೆ ತೊಂಬತ್ತಮೂರು ಎಂದೇ ಬರೆಯುತ್ತಿದ್ದರು. ಅರ್ಧ ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಚೂರು ಮರದ ಪಾಲ್ರಿ ಅಕ್ಕಾರ, ಅದನ್ನ ಮನಷ್ಯಾ ಮುಟ್ಟಬಾರ್ದು" ಎಂದಿದ್ದರು. ನಾಟಾ ವ್ಯವಹಾರದಲ್ಲಿ ಎಲ್ಲ ಕಡೆಯೂ ಇದೇ ಪದ್ಧತಿ. ಹರಾಜಿನ ಪಟ್ಟಿಯಲ್ಲೂ ಅಷ್ಟೆ, ಸೆಂಟಿಮೀಟರಿನ ಮೇಲಿನ ಚೂರನ್ನು ಯಾರೂ ಬರೆಯುವುದಿಲ್ಲ.

ದಿನಾ ಸಂಜೆ ನಾಲ್ಕಕ್ಕೆ ಅವರು ನನಗೂ ಒಂದು ಲೋಟ ಚಹಾ ತಂದಿಟ್ಟು, ಬಂತೇನ್ರಿ ಇವತ್ತರ ಎಂದು ಕೇಳುವರು. ಇಲ್ಲ ಎಂದರೆ ನನ್ನಷ್ಟೇ ಬೇಜಾರು ಪಟ್ಟುಕೊಳ್ಳುವರು. ಏನು ಬರಬೇಕಾಗಿದೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಒಮ್ಮೆ ಕಂಪ್ಯೂಟರು ಪೂರ್ತಿ ಬಾಯಿ ಮುಚ್ಚಿಕೊಂಡಾಗ, ಅಮಾವಾಸ್ಯೆಗೆ ಊರಿಗೆ ಹೊರಟಿದ್ದ ಅವರು ಆ ಡಬ್ಬವನ್ನು ತಮ್ಮ ಹೊದೆಯುವ ಚಾದರದಲ್ಲಿ ಸುತ್ತಿ, ಶಿರಸಿಯವರೆಗೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ರಿಪೇರಿಗೆ ಕೊಟ್ಟಿದ್ದರು. ಕಂಡಕ್ಟರು ಅದನ್ನು ಮೇಲೆ ಹಾಕಿ ಎಂದರೂ ಕೇಳಲಿಲ್ಲವಂತೆ.

ಸರಿಯಾದ ಫೈಲು ಡಿಸೆಂಬರಿನಲ್ಲಿ ಸಿಕ್ಕಿತು. ಹಾಕಿದೆ, ಹಾಕಿಕೊಂಡಿತು. ಕೂಡಿಸು ಎಂದರೆ ಕೂಡಿಸಿತು. ಒಂದು ಮಾತೃಕೆಯನ್ನು ಕೊಟ್ಟು ಬಿಡಿಸು ಎಂದೆ ನೋಡಿ, ಪರದೆಯ ಮೇಲಿನ ಇಡೀ ಕಿಟಕಿ ಮಾಯ. ಒಂದು ತಪ್ಪಿನ ಸಂದೇಶವಿಲ್ಲ, ಒಂದು ಅಕ್ಷರವಿಲ್ಲ. ಹತ್ತು ಸಲ ಮಾಡಿದೆ, ಹತ್ತೂ ಸಲ ಮಾಯ. ಬೈದರೆ ಬೈಸಿಕೊಳ್ಳಲಾದರೂ ಎದುರಿಗೆ ಏನಾದರೂ ಇರಬೇಕಲ್ಲ? ಇಂಟರ್ನೆಟ್ಟಿನಲ್ಲಿ ನಂಪೈ ಬಳಸುವವರು ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುವ ಒಂದು ಗುಂಪಿತ್ತು, ಅಲ್ಲಿಗೆ ಬರೆದೆ. ಮೊದಲು ಉತ್ತರ ಕೊಟ್ಟವನು, ನಿನ್ನ ಕಂಪ್ಯೂಟರು ಹಳತು, ಹೊಸದು ತಗೋ ಎಂದ. ಅವನ ಮುಖ ಕಾಣದೆ ಹೋದದ್ದು ಅವನ ಪುಣ್ಯ. ಎರಡನೆಯವನು ಒಳ್ಳೆಯವನು. ಈಗಿನ ನಂಪೈಯನ್ನು ಹೊಸ ಪ್ರೊಸೆಸರುಗಳಿಗೆ ಮಾತ್ರ ಗೊತ್ತಿರುವ ಆಜ್ಞೆಗಳನ್ನು ಬಳಸಿ ಕಟ್ಟಿದ್ದಾರೆ, ಹಳೆಯ ಯಂತ್ರಕ್ಕೆ ಅವು ತಿಳಿಯದೆ ಬಿದ್ದುಹೋಗುತ್ತದೆ, ಹಳಬರಿಗಾಗಿಯೇ ಕಟ್ಟಿದ ಇನ್ನೊಂದು ಫೈಲು ಇಲ್ಲಿದೆ ಎಂದು ವಿಳಾಸ ಕೊಟ್ಟ. ಶಿರಸಿಯ ಕೆಫೆಯೊಂದರಲ್ಲಿ ಆ ಹೊತ್ತಿಗೆ ವೇಗದ ಲೈನು ಬಂದಿತ್ತು. ವಿಳಾಸವನ್ನು ಚೀಟಿಯಲ್ಲಿ ಬರೆದು, ಮತ್ತೆ ಊರಿಗೆ ಹೊರಟಿದ್ದ ಬಸವಣ್ಣೆಪ್ಪನವರ ಕೈಯಲ್ಲೇ ಕೊಟ್ಟೆ. ಊರಿಂದ ಬರುವಾಗ ಅವರು ಆ ಫೈಲು ತುಂಬಿಸಿದ ಸಿ.ಡಿ.ಯನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಂದರು. ಕೊನೆಗೂ ನಂಪೈ ನಡೆದದ್ದು ಅದರಿಂದ. ಆ ದಿನ ನಾನು ಡಿಪೋದ ಹಮಾಲರಿಗೆಲ್ಲ ಜಿಲೇಬಿ ತರಿಸಿ ಹಂಚಿದೆ, ಬಸವಣ್ಣೆಪ್ಪನವರಿಗೆ ಎರಡು.

ಮನುಷ್ಯರ ಬುದ್ಧಿ ನೋಡಿ. ಇಷ್ಟು ಗೋಳಾಡಿ ಪಡೆದದ್ದು ತಪ್ಪಾಗಿರಲಾರದು ಎಂದು ನನಗೆ ಅನ್ನಿಸತೊಡಗಿತು. ಬೆವರು ಸುರಿಸಿದ್ದು ಹಾಕಿಕೊಳ್ಳುವುದಕ್ಕೆ. ನಂಬಿಕೆ ಬಂದದ್ದು ಅದು ಕೊಡುವ ಉತ್ತರದ ಮೇಲೆ. ಇವೆರಡಕ್ಕೂ ಏನು ಸಂಬಂಧ ಎಂದು ಗಣಿತ ಕಲಿಸುವ ನನಗೆ ಹೊಳೆಯಲಿಲ್ಲ.

ಜನವರಿಯಲ್ಲಿ ಮಾವ ಬಂದು, ಅಂಗಳದಲ್ಲಿರುವ ಸಾಗವಾನಿಯ ಒಟ್ಟು ಮೊತ್ತ ತೆಗೆದುಕೊಡು ಕೂಸೇ, ಮಿಷನ್ನು ಇದ್ದಲ್ಲ ಎಂದ. ಸೀಳಲು ಶುರು ಮಾಡುವ ಮೊದಲು ಹರಾಜಿನ ಪಟ್ಟಿಗೆ ತಾಳೆ ನೋಡಬೇಕಿತ್ತು. ಬಸವಣ್ಣೆಪ್ಪ ಒಂದೊಂದು ದಿಮ್ಮಿಯನ್ನೂ ಹೊಸದಾಗಿ ಅಳೆದು ಬರೆದ ಪುಸ್ತಕ ಕೊಟ್ಟರು. ಸಾವಿರದ ಚಿಲ್ಲರೆ ದಿಮ್ಮಿ. ಲೆಕ್ಕ ಸುಲಭದ್ದು: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಆ ದಿಮ್ಮಿಯ ಮರ ಎಷ್ಟು ಎಂದು ಸಿಗುತ್ತದೆ. ಕಾಲೇಜಿನ ಲ್ಯಾಬಿನವರು, ಮೇಡಂ ಇದು ಸ್ಪ್ರೆಡ್‌ಶೀಟಿನಲ್ಲಿ ಆಗುವ ಕೆಲಸ ಎಂದರು. ಕೇಳಬೇಕಿತ್ತು. ಕೇಳಲಿಲ್ಲ. ನನ್ನ ನಂಪೈಯ ಕೈಯಲ್ಲೇ ಆಗಬೇಕಿತ್ತು. ಎರಡು ಮಧ್ಯಾಹ್ನ ಕೂತು ಸುತ್ತಳತೆಗೆ ಒಂದು ಪಟ್ಟಿ, ಉದ್ದಕ್ಕೆ ಒಂದು ಪಟ್ಟಿ ಟೈಪು ಮಾಡಿದೆ. ನೂರು ಸೆಂಟಿಮೀಟರು ಸುತ್ತಳತೆಯ ಒಂದು ಸುಳ್ಳು ದಿಮ್ಮಿ ಕೊಟ್ಟು ಪರೀಕ್ಷೆಯನ್ನೂ ಮಾಡಿದೆ, ಸರಿಯಾಗಿ ಬಂತು. ಆಮೇಲೆ ಇಡೀ ಪಟ್ಟಿಯನ್ನು ಕೊಟ್ಟೆ. ಕಣ್ಣು ಮಿಟುಕಿಸುವುದರಲ್ಲಿ ಮೊತ್ತ ಬಂತು. ಹರಾಜಿನ ಪಟ್ಟಿಗಿಂತ ಏಳು ಘನಮೀಟರು ಕಡಿಮೆ.

ಏಳು ಘನಮೀಟರು ಎಂದರೆ ಒಂದು ಲಾರಿ. ಮಾವನ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆ ಹಮಾಲರು, ಇಬ್ಬರು ಲಾರಿ ಡ್ರೈವರುಗಳು ಎಲ್ಲ ಇದ್ದಾಗಲೇ ಬಸವಣ್ಣೆಪ್ಪನವರನ್ನು ಕರೆದು ಒಂದು ಲಾರಿ ಮರ ಎಲ್ಲಿ ಹೋಯಿತು ಎಂದು ಕೇಳಿದ. ಅವರು ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ, ದಿಮ್ಮಿ ಎಣಿಸಿರಿ ಎಂದರು. ಎಣಿಸಿದರೆ ದಿಮ್ಮಿ ಒಂದೂ ಕಡಿಮೆಯಿರಲಿಲ್ಲ. ಅದು ಇನ್ನೂ ಕೆಟ್ಟದ್ದಕ್ಕೆ ದಾರಿಯಾಯಿತು. ದಪ್ಪ ದಿಮ್ಮಿ ಹೊರಗೆ ಕಳಿಸಿ ಆ ಜಾಗದಲ್ಲಿ ಸಪೂರ ದಿಮ್ಮಿ ಇಟ್ಟು, ಅದರ ತುದಿಗೆ ನಮ್ಮದೇ ಮುದ್ರೆ ಹೊಡೆದರೆ ಎಣಿಕೆ ಸರಿಯಿರುತ್ತದೆ, ಮರ ಕಡಿಮೆಯಾಗುತ್ತದೆ, ಮುದ್ರೆಯ ಸುತ್ತಿಗೆ ಯಾರ ಕೈಯಲ್ಲಿದೆ ಎಂದು ಮಾವ ಕೇಳಿದ.

ಬಸವಣ್ಣೆಪ್ಪ ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿದರು. ಸೊಂಟದಲ್ಲಿದ್ದ ಟೇಪನ್ನು ಬಿಚ್ಚಿ ನನ್ನ ಮುಂದೆ ಹಿಡಿದರು.

"ಬರ್ರಿ ಅಕ್ಕಾರ. ನಿಮಗ ಬೇಕಾದ ಒಂದು ದಿಮ್ಮಿ ಆರಿಸ್ರಿ. ಇಬ್ರೂ ಕೂಡಿ ಅಳದು, ಕಾಗದದಾಗ ಲೆಕ್ಕಾ ಮಾಡೂಣು."

ನಾನು ಹೋಗಲಿಲ್ಲ. ಒಂದು ದಿಮ್ಮಿಯ ಪ್ರಶ್ನೆಯಲ್ಲ ಇದು, ಒಟ್ಟು ಮೊತ್ತದ್ದು, ಕಂಪ್ಯೂಟರು ಕೂಡಿಸುವುದರಲ್ಲಿ ತಪ್ಪುವುದಿಲ್ಲ ಎಂದು ಹೇಳಿದೆ. ಬಹಳ ಸಮಾಧಾನವಾಗಿ, ಪಾಠ ಹೇಳುವ ಧ್ವನಿಯಲ್ಲಿ ಹೇಳಿದೆ. ಆ ಧ್ವನಿ ನೆನಪಾದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವರು ಟೇಪನ್ನು ಮತ್ತೆ ಸುತ್ತಿದರು. ಆಫೀಸಿಗೆ ಹೋಗಿ ಸುತ್ತಿಗೆಯನ್ನು ನನ್ನ ಕಂಪ್ಯೂಟರಿನ ಪಕ್ಕದಲ್ಲಿಟ್ಟು, ಚಾದರವನ್ನು ಹೆಗಲಿಗೆ ಹಾಕಿಕೊಂಡು ಹೆದ್ದಾರಿಗೆ ಇಳಿದರು. ಹೋಗಬೇಡಿ ಎಂದು ಯಾರೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೇಟೆಯ ಹೋಟೆಲುಗಳಲ್ಲೆಲ್ಲ ಒಂದು ಲಾರಿ ಸಾಗವಾನಿಯ ಕತೆ ಓಡಾಡುತ್ತಿತ್ತು, ಸಂಜೆಯೊಳಗೆ ಅದು ಎರಡು ಲಾರಿಯಾಯಿತು.

ಐದನೆಯ ದಿನ ನನ್ನ ಎಂ.ಫಿಲ್. ಕೆಲಸಕ್ಕೆ ಕೂತೆ. ನನ್ನ ಮಾತೃಕೆಯ ಮೊದಲ ಸಾಲಿನಲ್ಲಿ ಒಂದು, ಅರ್ಧ, ಮೂರರಲ್ಲೊಂದು, ಕಾಲು, ಹೀಗೆ ಸಣ್ಣದಾಗುತ್ತ ಹೋಗುವ ಸಂಖ್ಯೆಗಳಿರಬೇಕು. ನಂಪೈ ಇದನ್ನು ಬಿಡಿಸಲು ಬರುವುದಿಲ್ಲ ಎಂದು ಹಟ ಹಿಡಿಯಿತು. ಎಂದಿನಂತೆ ಬೈದೆ. ಒಳಗೆ ಏನಿದೆ ತೋರಿಸು ಎಂದು ಸಾಲನ್ನು ಪರದೆಗೆ ಕರೆದೆ. ಒಂದು, ಸೊನ್ನೆ, ಸೊನ್ನೆ, ಸೊನ್ನೆ.

ಕಾಲು ಹೇಗೆ ಸೊನ್ನೆಯಾಯಿತು ಎಂದು ನೋಡುತ್ತ ಕೂತೆ. ಆಮೇಲೆ ತಿಳಿಯಿತು. ಆ ಕಾಲದ ಪೈಥಾನು ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಪೂರ್ಣಸಂಖ್ಯೆಯನ್ನೇ ಕೊಡುತ್ತಿತ್ತು, ಉಳಿದದ್ದನ್ನು ಹೇಳದೆ ಕೇಳದೆ ಎಸೆಯುತ್ತಿತ್ತು. ತೊಂಬತ್ತಮೂರನ್ನು ನಾಲ್ಕರಿಂದ ಭಾಗಿಸಿದರೆ ಇಪ್ಪತ್ತಮೂರೂಕಾಲು ಅಲ್ಲ, ಬರೀ ಇಪ್ಪತ್ತಮೂರು. ನನ್ನ ಸುಳ್ಳು ದಿಮ್ಮಿಯ ನೂರು ನಾಲ್ಕಕ್ಕೆ ಸರಿಯಾಗಿ ಹೋಗುವ ಸಂಖ್ಯೆ, ಅದಕ್ಕೇ ಅದು ಪಾಸಾಗಿತ್ತು. ಸುತ್ತಳತೆಯ ಆ ಸಾವಿರ ಸಂಖ್ಯೆಗಳಲ್ಲಿ ಒಂದೇ ಒಂದಕ್ಕೆ ದಶಾಂಶದ ಚುಕ್ಕಿ ಇದ್ದಿದ್ದರೂ ನಂಪೈ ಇಡೀ ಪಟ್ಟಿಯನ್ನು ದಶಾಂಶದ್ದೆಂದು ತಿಳಿದು ಸರಿಯಾಗಿ ಭಾಗಿಸುತ್ತಿತ್ತು. ಚುಕ್ಕಿ ಇರಲಿಲ್ಲ. ಮರದ ಪಾಲನ್ನು ಮುಟ್ಟಬಾರದು ಎಂದು ಬಸವಣ್ಣೆಪ್ಪ ಚೂರು ಬಿಟ್ಟಿದ್ದರು. ಅವರು ಧರ್ಮಕ್ಕೆ ಬಿಟ್ಟ ಮೇಲೆ ಯಂತ್ರ ತನ್ನ ಪಾಲಿಗೆ ಇನ್ನೊಂದು ಚೂರನ್ನು ಮುಕ್ಕಾಲು ಪಾಲು ದಿಮ್ಮಿಗಳಿಂದ ಕಿತ್ತುಕೊಂಡಿತು. ನಾಲ್ಕು ಎಂಬಲ್ಲಿ ನಾಲ್ಕರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ ಸೇರಿಸಿದೆ. ಏಳು ಘನಮೀಟರು ವಾಪಸು ಬಂತು, ಹರಾಜಿನ ಪಟ್ಟಿಗೆ ಕೂದಲೆಳೆಯಷ್ಟು ವ್ಯತ್ಯಾಸ. ಹೀಗೆ ಭಾಗಿಸುವುದು ಸರಿಯಲ್ಲವೆಂದು ಮುಂದೆ ಪೈಥಾನಿನವರೇ ಅದನ್ನು ಬದಲಿಸಿದರು. ಬದಲಿಸಿದರಂತೆ, ದೊಡ್ಡ ಉಪಕಾರ.

ಓಡಿಹೋಗಿ ಮಾವನಿಗೆ ಹೇಳಿದೆ. ಅವನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಪೂರ್ತಿ ಕೇಳಿದ. ಮುಖದಲ್ಲಿ ಒಂದು ಕ್ಷಣ ನಾಚಿಕೆ ಕಂಡಿತು, ಸುಳ್ಳು ಹೇಳಬಾರದು. ಆಮೇಲೆ ಅದು ಹೋಯಿತು.

"ಆತು, ಲೆಕ್ಕ ತಪ್ಪಿತ್ತು ಹೇಳಿ ಗೊತ್ತಾತು. ಹಂಗಂತ ಆನು ಅಂವನ ಮನೆ ಬಾಗಿಲಿಗೆ ಹೋಗ್ತ್ನಿಲ್ಲೆ. ಊರಿಗೆಲ್ಲ ಹೇಳೋ ಕೆಲಸ ಇಲ್ಲೆ, ಸುಮ್ನಿರು."

ಕೆಲಸಕ್ಕೆ ಬೇಕಾದರೆ ಬರಲಿ, ತಾನು ಬೇಡ ಎನ್ನುವುದಿಲ್ಲ ಎಂದೂ ಸೇರಿಸಿದ, ಅದೇನೋ ದಾನ ಕೊಡುವವನ ಹಾಗೆ. ನನಗೆ ಎಲ್ಲಿತ್ತೋ ಸಿಟ್ಟು. ಹುಟ್ಟಿದಾಗಿನಿಂದ ಮಾವನ ಎದುರು ದನಿ ಏರಿಸಿದವಳಲ್ಲ ನಾನು, ಅವತ್ತು ಏರಿಸಿದೆ.

"ತಪ್ಪು ಮಾಡಿದ್ದು ಆನು. ಹೇಳೋದೂ ಆನೇಯ."

ಹಮಾಲರು ಚಹಾಕ್ಕೆ ಕೂತಿದ್ದರು. ದಿಮ್ಮಿಗಳ ಮುಂದೆ ನಿಂತು, ಬಸವಣ್ಣೆಪ್ಪ ಒಂದು ಚೂರು ಮರವನ್ನೂ ಕದ್ದಿಲ್ಲ, ನನ್ನ ಲೆಕ್ಕ ತಪ್ಪು, ನಾನೇ ತಪ್ಪು ಮಾಡಿದ್ದು ಎಂದು ಗಟ್ಟಿಯಾಗಿ ಹೇಳಿದೆ. ಅವರಲ್ಲಿ ವಯಸ್ಸಾದ ಒಬ್ಬ ಬೀಡಿ ಆರಿಸಿ, ನಮಗೆ ಅದು ಗೊತ್ತಿತ್ತು ಎಂದ. ಗೊತ್ತಿದ್ದವರು ಅವತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಲು ಹೊರಟು ಸುಮ್ಮನಾದೆ. ನನ್ನಂಥವಳೇ ಅವರ ಪರವಾಗಿ ಬಾಯಿ ಬಿಡಲಿಲ್ಲ, ದಿನಗೂಲಿಯವರು ಬಿಡಬೇಕಿತ್ತೇ? ಮಾವ ಆ ಸಂಜೆಯೇ ಕಂಪ್ಯೂಟರನ್ನು ಎತ್ತಿಕೊಂಡು ಹೋಗು ಎಂದು ಹೇಳಿಕಳಿಸಿದ. ಎತ್ತಿಕೊಂಡು ಬಂದೆ. ನಮ್ಮಿಬ್ಬರಿಗೆ ಮಾತು ನಿಂತು ಬಹಳ ವರ್ಷ ಹಾಗೇ ಇತ್ತು.

ಭಾನುವಾರ ಶಿರಸಿಗೆ ಹೋಗಿ, ಬನವಾಸಿ ಕಡೆಯ ಬಸ್ಸು ಹತ್ತಿ, ಗುಡ್ನಾಪುರದಲ್ಲಿ ಇಳಿದೆ. ಕೆರೆಯ ಏರಿಯ ಮೇಲೆ ಕೇಳಿಕೊಂಡು ಹೋದರೆ ಮನೆ ಸಿಕ್ಕಿತು. ಕತೆ ನನಗಿಂತ ಮೊದಲೇ ಅಲ್ಲಿಗೂ ಮುಟ್ಟಿತ್ತು. ದಾರಿ ತೋರಿಸಿದವನು ಯಾವ ಬಸವಣ್ಣೆಪ್ಪ, ನಾಟಾ ಕದ್ದಾವ್ನ ಎಂದು ಕೇಳಿದ. ಹೌದು ಎನ್ನಲಾಗಲಿಲ್ಲ, ಅಲ್ಲ ಎಂದರೆ ದಾರಿ ಸಿಗುತ್ತಿರಲಿಲ್ಲ; ಡಿಪೋದಲ್ಲಿ ಅಳತೆ ಮಾಡುವವರು ಎಂದೆ. ಬಸವಣ್ಣೆಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ಬರ್ರಿ ಅಕ್ಕಾರ ಎಂದು ಜಾಗ ಮಾಡಿಕೊಟ್ಟರು. ನಾನು ಕೂರದೆ, ನಿಂತಲ್ಲೇ ಎಲ್ಲ ಹೇಳಿದೆ. ಪೈಥಾನು, ಪೂರ್ಣಸಂಖ್ಯೆ, ಚುಕ್ಕಿ, ಸೊನ್ನೆ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದೆ. ಅವರು ತೊಂಬತ್ತಮೂರರ ಕಾಲುಭಾಗ ಎಂದು ತಮ್ಮಷ್ಟಕ್ಕೆ ಗುಣುಗುಣಿಸಿ, ಇಪ್ಪತ್ತಮೂರೂಕಾಲು ಎಂದು ಬೆರಳು ಮಡಿಸಿದರು. ನಾಲ್ಕನೆಯ ಇಯತ್ತೆ ಓದಿದವರು.

ಯಂತ್ರ ಇಂಥ ತಪ್ಪು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ, ಅಂಗಳದಲ್ಲಿ ಎಲ್ಲರ ಮುಂದೆ ಹೇಳಿ ಬಂದಿದ್ದೇನೆ, ವಾಪಸು ಬನ್ನಿ ಎಂದೆ. ಅವರು ಹಗ್ಗವನ್ನು ಪಕ್ಕಕ್ಕಿಟ್ಟರು.

"ನಿಮ್ಮ ಯಂತ್ರದ ಮ್ಯಾಲ ನನಗ ಸಿಟ್ಟಿಲ್ರಿ. ನಾ ಯಾರು, ಎಂಥಾವ ಅಂತ ಅದಕ್ಕ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತಲ್ರಿ, ಅಕ್ಕಾರ."

ಆಮೇಲೆ ಅವರು ಡಿಪೋದ ಮಾತೆತ್ತಲಿಲ್ಲ, ಯಲ್ಲಾಪುರಕ್ಕೆ ಮತ್ತೆ ಬರಲೂ ಇಲ್ಲ. ಬಿಸಿಲಲ್ಲಿ ಬಂದಿದ್ದಾರೆ ಎಂದು ಸೊಸೆಗೆ ಹೇಳಿ ಚಹಾ ಮಾಡಿಸಿದರು. ನಾನು ಅದನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಬಂದೆ. ಯಾವ ಮುಖ ಇಟ್ಟುಕೊಂಡು ಕುಡಿದೆನೋ ಎಂದು ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.